ರಾಹುಕಾಲದ ಹಾಜರಿ

ಸಟನ್ ಕೋಲ್ಡ್‌ಫೀಲ್ಡ್
೯ ಫೆಬ್ರವರಿ ೨೦೨೫

ಬಾಲು,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ನಾನೆಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಹಾಕುವುದಿದ್ದರೆ ಓದಿದ ಮೇಲೆ ಹರಿ. ಐದು ವರ್ಷದಿಂದ ನನ್ನ ಫೋನು ಎತ್ತಿಲ್ಲ ನೀನು. ಕಾಗದವಾದರೆ ಮೇಜಿನ ಮೇಲೆ ಬಿದ್ದಿರುತ್ತದೆ, ಒಂದಲ್ಲ ಒಂದು ದಿನ ಕೈ ಹೋಗುತ್ತದೆ.

ನಿನ್ನ ಮಗಳು ನಿಹಾರಿಕಾ ಕಳೆದ ಭಾನುವಾರ ನಾಟಿಂಗ್‌ಹ್ಯಾಮಿನಿಂದ ಬಂದಿದ್ದಳು. ಆಸ್ಪತ್ರೆಯ ಡ್ಯೂಟಿ ಪಟ್ಟಿಯಲ್ಲಿ ಅವಳಿಗೆ ಸಿಕ್ಕಿದ್ದು ಅದೊಂದೇ ರಜೆಯಂತೆ, ಅದನ್ನೂ ಈ ಮುದುಕನಿಗೆ ಕೊಟ್ಟಳು. ಸುಮುಖ್ ಜೊತೆ ಮದುವೆ ಜೂನ್ ಎಂಟಕ್ಕೆ, ಟಿವಿಡೇಲ್ ಬಾಲಾಜಿ ದೇವಸ್ಥಾನದಲ್ಲಿ ಎಂದಳು. ಆಮೇಲೆ ಕಾಫಿ ಲೋಟ ಕೆಳಗಿಟ್ಟು, "ಮಾಮಾ, ಮಂಟಪಕ್ಕೆ ನನ್ ಕೈ ಹಿಡ್ಕೊಂಡು ಹೋಗೋದು ನೀವೇ. ಅಪ್ಪಂಗೆ ಹೇಳಿದೀನಿ. ಅಪ್ಪ ಏನೂ ಹೇಳ್ಲಿಲ್ಲ," ಎಂದಳು. ನೀನು ಏನೂ ಹೇಳದಿದ್ದರೆ ಅದರ ಅರ್ಥವೇನೆಂದು ಪಾಲಿಟೆಕ್ನಿಕ್ಕಿನಲ್ಲಿ ಒಂದೇ ಬೆಂಚಿನಲ್ಲಿ ಕೂತ ನನಗೆ ಗೊತ್ತಿಲ್ಲವೇ?

ಇನ್ನೊಂದು ಆಸೆಯೂ ಇದೆ ಅವಳಿಗೆ. ಅಮ್ಮನ ಧಾರೆ ಸೀರೆಯನ್ನೇ ಉಡಬೇಕಂತೆ. ಹೇಮಲತಾ ಹೋದ ಮೇಲೆ ಆ ಸೀರೆಯನ್ನು ನೆನಪಿಗೆಂದು ನಮ್ಮ ದಾಕ್ಷಾಯಣಿ ಅಕ್ಕ ಅಮೆರಿಕಕ್ಕೆ, ಡೋವರ್ ಊರಿಗೆ ಒಯ್ದಿದ್ದಾಳಲ್ಲ. ಅಕ್ಕನಿಗೆ ಮಂಡಿ ನೋವು, ಬರಲಾರಳು. ಅಂಚೆಗೆ ಹಾಕು ಎಂದರೆ, "ತಂಗಿ ಸೀರೇನ ಸ್ಟಾಂಪ್ ಅಂಟಿಸಿ ಕಳಿಸ್ಲಾ? ಬಂದು ಕೈಯಾರೆ ತಗೊಂಡ್ ಹೋಗು," ಎಂದು ಬೈದಳು. ಮೇ ತಿಂಗಳಲ್ಲಿ ಹೋಗಿ ತರುತ್ತೇನೆ. ಇಲ್ಲಿಯ ಮಿಲ್ಡನ್‌ಹಾಲ್ ವಾಯುನೆಲೆಯಿಂದ ಡೋವರಿನ ವಾಯುನೆಲೆಗೆ, ಸೈನ್ಯದ ವಿಮಾನದಲ್ಲಿ, ಸ್ಟ್ಯಾಂಡ್‌ಬೈ.

ಈ ಪದ ಓದಿ ಹಲ್ಲು ಕಡಿಯುತ್ತಿದ್ದೀಯ. ಕಡಿ. ಆದರೆ ನೀನು ಒಂದು ಸಲವೂ ಇದನ್ನು ಪೂರ್ತಿ ಕೇಳಿಸಿಕೊಂಡವನಲ್ಲ, ಈಗ ಓದು. ಇಪ್ಪತ್ತೆರಡು ವರ್ಷ ಅಮೆರಿಕದ ವಾಯುಪಡೆಯಲ್ಲಿ ಎಂಜಿನ್ನು ಬಿಚ್ಚಿ ಕಟ್ಟಿದವನಿಗೆ ನಿವೃತ್ತಿಯ ಮೇಲೆ ಸಿಕ್ಕ ಹಕ್ಕು ಇದು. ಸರಕು, ಸೈನಿಕರು ಎಲ್ಲ ಹತ್ತಿದ ಮೇಲೆ ಸೀಟು ಉಳಿದರೆ ನಮಗೆ. ಆರು ದರ್ಜೆಗಳಿವೆ, ತುರ್ತು ರಜೆಯವರು ಒಂದನೆಯವರು, ನಿವೃತ್ತರು ಆರನೆಯವರು, ಅಂದರೆ ಊಟದ ಪಂಕ್ತಿಯಲ್ಲಿ ಎಲೆ ಎತ್ತುವ ಹೊತ್ತಿಗೆ ಕೂರುವವರು. ಮೊದಲೇ ಹೆಸರು ಕೊಟ್ಟಿರಬೇಕು, ಟರ್ಮಿನಲ್‌ನಲ್ಲಿ ಕಾದಿರಬೇಕು. ಹಾಜರಿ ಕೂಗುವಾಗ ಅಲ್ಲೇ ನಿಂತು ಓಗೊಡಬೇಕು. ಓಗೊಡದಿದ್ದರೆ ಮುಂದಿನವನ ಹೆಸರು. ಅಷ್ಟೇ ಕಾನೂನು.

ಮಗಳ ಕೈ ನನ್ನ ಕೈಗೆ ಕೊಡುತ್ತೀಯಾ ಇಲ್ಲವಾ, ಒಂದು ಸಾಲು ಬರೆ.

ನಿನ್ನ ಭಾವಮೈದುನ, ಈಗಲೂ,
ಅಚ್ಯುತ

*

ಲೀಡ್ಸ್
೨೪ ಫೆಬ್ರವರಿ ೨೦೨೫

ಶ್ರೀ ಅಚ್ಯುತ ಅವರಿಗೆ,

ತಮ್ಮ ಕಾಗದ ತಲುಪಿತು. ಮಗಳ ಇಷ್ಟಕ್ಕೆ ನಾನು ಅಡ್ಡ ಬರುವವನಲ್ಲ.

ಆದರೆ ನಾನು ನಲವತ್ತು ವರ್ಷ ರೈಲ್ವೆ ಸಿಗ್ನಲ್ ಕೆಲಸ ಮಾಡಿದವನು. ಗಾಡಿ ಬಂತೇ ಇಲ್ಲವೇ ಎಂಬುದಷ್ಟೇ ನನಗೆ ಗೊತ್ತು, ಯಾಕೆ ಬರಲಿಲ್ಲ ಎಂಬ ಪುರಾಣ ಬೇಡ. ೨೦೧೯ರ ನವೆಂಬರ್ ಹದಿನಾರು, ಶನಿವಾರ. ಸೋಮವಾರ ಆಪರೇಷನ್ ಆಗಬೇಕಿದ್ದ ಹೇಮಲತಾ ಶನಿವಾರವೇ ಹೋಗುತ್ತಾಳೆಂದು ಯಾರಿಗೂ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಆದರೂ ಆ ದಿನ ನಾಲ್ಕು ಸಲ ಕೇಳಿದಳು, "ಅಣ್ಣ ಬಂದ್ನಾ?" ನಾಲ್ಕು ಸಲವೂ "ದಾರೀಲಿದಾನೆ" ಎಂದೆ. ತಾವು ಜರ್ಮನಿಯ ನೆಲೆಯೊಂದರಲ್ಲಿ ಪುಕ್ಕಟೆ ಸೀಟಿಗೆ ಕಾದು ಕೂತಿದ್ದಿರಿ. ಭಾನುವಾರ ಬಂದು ಬಾಗಿಲಲ್ಲಿ ನಿಂತು "ಸೀಟು ಸಿಗ್ಲಿಲ್ಲ ಬಾಲು" ಎಂದಿರಿ. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

ಸೀರೆ ತರಲು ಹೇಗಾದರೂ ಹೋಗಿ. ಬರುವಾಗ ಮಾತ್ರ ಎಲ್ಲರ ಹಾಗೆ ಟಿಕೆಟ್ ಕೊಂಡು, ಸೀಟಿನ ನಂಬರು ಇಟ್ಟುಕೊಂಡು ಬರಬೇಕು. ಟಿಕೆಟ್ಟಿನ ಪ್ರತಿ ನನಗೆ ಕಳುಹಿಸಿ. ಇದಕ್ಕೆ ಒಪ್ಪದಿದ್ದರೆ ಮಂಟಪಕ್ಕೆ ಬೇರೆ ಯಾರನ್ನಾದರೂ ನಿಲ್ಲಿಸುತ್ತೇನೆ. ಇನ್ನೊಂದು ಸಲ ನನ್ನ ಮನೆಯ ಹೆಣ್ಣು ಬಾಗಿಲು ನೋಡುತ್ತ ಕಾಯುವುದು ಬೇಡ.

ಇತಿ,
ಬಾಲಕೃಷ್ಣ

*

ಸಟನ್ ಕೋಲ್ಡ್‌ಫೀಲ್ಡ್
೧೬ ಮಾರ್ಚ್ ೨೦೨೫

ಬಾಲು,

ಟಿಕೆಟ್ಟಿನ ಪ್ರತಿ ಇದರ ಜೊತೆಗಿದೆ. ಜೂನ್ ಐದು, ಗುರುವಾರ, ಅಕ್ಕನ ಊರಿಗೆ ಹತ್ತಿರದ ಫಿಲಡೆಲ್ಫಿಯಾದಿಂದ. ಸೀಟು ೩೪ ಸಿ. ಬರುವಾಗ ಸ್ಟ್ಯಾಂಡ್‌ಬೈ ಹತ್ತಿರವೂ ಸುಳಿಯುವುದಿಲ್ಲ, ಮಾತು ಕೊಟ್ಟೆ.

ನೀನು ನನ್ನನ್ನು ತಾವು ತಮ್ಮ ಎಂದು ಕರೆದದ್ದು ಓದಿ ನಗುವೂ ಬಂತು, ಅಳುವೂ ಬಂತು. ನಾಲ್ಕು ಸಲ ಕೇಳಿದಳೆಂದು ನೀನು ಇದುವರೆಗೆ ಹೇಳಿರಲಿಲ್ಲ. ನನ್ನ ಹತ್ತಿರವೂ ಹೇಳದೇ ಇಟ್ಟುಕೊಂಡಿದ್ದು ಒಂದಿದೆ. ಮೂರು ವಾರದಿಂದ ಬರೆಯುತ್ತೇನೆ, ಹರಿಯುತ್ತೇನೆ. ಸುಳ್ಳು ಹೊತ್ತುಕೊಂಡು ನಿನ್ನ ಮಗಳ ಮಂಟಪ ಹತ್ತಲಾರೆ.

ಬಾಲು, ಆ ದಿನ ಸೀಟು ಸಿಕ್ಕಿತ್ತು.

ನವೆಂಬರ್ ಹದಿನೈದು, ಶುಕ್ರವಾರ. ಅಕ್ಕನ ಊರಿಂದ ವಾಪಸು ಬರುತ್ತ ಜರ್ಮನಿಯ ರಾಮ್‌ಸ್ಟೈನ್ ನೆಲೆಯಲ್ಲಿದ್ದೆ. ಮಿಲ್ಡನ್‌ಹಾಲ್‌ಗೆ ಹೋಗುವ ವಿಮಾನದಲ್ಲಿ ಹನ್ನೆರಡು ಸೀಟು ಉಳಿದಿದ್ದವು, ಸಾಲಿನಲ್ಲಿ ನಾನು ಏಳನೆಯವನು. ನಾನು ಎಲ್ಲಿಗೆ ಹೊರಟರೂ ಹೇಮಲತಾ ರಾಹುಕಾಲ ನೋಡಿ ಫೋನೋ ಮೆಸೇಜೋ ಮಾಡುತ್ತಿದ್ದಳು, ನಿನಗೂ ಗೊತ್ತು. ಮೂವತ್ತು ವರ್ಷ ನಾನು ಗೇಲಿ ಮಾಡಿದ್ದೇನೆ, ಮೂವತ್ತು ವರ್ಷ ಮೀರದೆ ನಡೆದಿದ್ದೇನೆ. ಆ ಬೆಳಿಗ್ಗೆ ಆಸ್ಪತ್ರೆಯ ಹಾಸಿಗೆಯಿಂದಲೂ ಕಳಿಸಿದಳು: "ಅಣ್ಣ, ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಅದು ಕಳೆದ ಮೇಲೆ ಹೊರಡು. ಆಪರೇಷನ್ ಮುಂಚೆ ನಿನ್ನ ಮುಖ ನೋಡಬೇಕು."

ಹಾಜರಿ ಹನ್ನೆರಡೂಕಾಲಿಗೆ ಎಂದು ಬರೆದಿತ್ತು. ಅದನ್ನು ಮುಂಚಿತವಾಗಿ ಹತ್ತೂ ನಲವತ್ತಕ್ಕೇ ಕೂಗಿದರು. ನಾನು ಅಲ್ಲೇ ಇದ್ದೆ. ನನ್ನ ಹೆಸರನ್ನು ಮೂರು ಸಲ ಕೂಗಿದರು. ಕಂಬದ ಪಕ್ಕ ನಿಂತು, ಬಾಯಿ ಮುಚ್ಚಿಕೊಂಡು, ಹೊರಗೆ ನಡೆದೆ. ಆಪರೇಷನ್ ಸೋಮವಾರ ತಾನೇ, ನಾಳೆ ಇನ್ನೊಂದು ವಿಮಾನ ಇದೆ, ಅವಳ ಮಾತು ಮೀರಿ ಹೊರಟು ಅವಳಿಗೇ ಏನಾದರೂ ಆದರೆ ಎಂದು ಹೆದರಿದೆ. ಎಂಜಿನ್ನಿನ ಒಂದೊಂದು ಬೋಲ್ಟನ್ನೂ ಎರಡು ಸಲ ಪರೀಕ್ಷಿಸಿದ ಕೈ ಇದು, ಅವತ್ತು ಜೇಬಿನಲ್ಲಿ ಕೂತುಬಿಟ್ಟಿತು. ಶನಿವಾರದ ವಿಮಾನ ರದ್ದಾಯಿತು. ನಿನ್ನ ಫೋನು ಬಂದ ಮೇಲೆ ಟಿಕೆಟ್ ಕೊಂಡೆ.

ನಿನಗೆ ಹೇಳಿದ್ದರೆ ತಪ್ಪು ಅವಳ ತಲೆಗೆ ಹೋಗುತ್ತಿತ್ತು. ಕೊನೆಗೆ ಅವಳ ಮೆಸೇಜೇ ಅಣ್ಣನನ್ನು ತಡೆಯಿತು ಎಂದು ನೀನು ಕೊರಗುವುದಕ್ಕಿಂತ, ನನ್ನನ್ನು ಜಿಪುಣ ಎಂದುಕೊಳ್ಳುವುದೇ ಮೇಲು ಎಂದುಕೊಂಡೆ. ಈಗ ಹೇಳಿದ್ದೇನೆ. ಮಂಟಪದ ಬಗ್ಗೆ ನೀನು ಹೇಗೆ ಹೇಳುತ್ತೀಯೋ ಹಾಗೆ.

ಅಚ್ಚು

*

ಲೀಡ್ಸ್
೪ ಮೇ ೨೦೨೫

ಲೋ ಅಚ್ಚು,

ಏಳು ವಾರ ಬರೆಯಲಿಲ್ಲ. ಮೊದಲ ಎರಡು ವಾರ ನಿನ್ನ ಮೇಲೆ ಕೋಪ, ಆಮೇಲಿನ ಎರಡು ವಾರ ಅವಳ ಮೇಲೆ ಕೋಪ. ಸತ್ತವಳ ಮೇಲೆ ಕೋಪ ಮಾಡಿಕೊಂಡು ಒಬ್ಬನೇ ಅಡುಗೆಮನೆಯಲ್ಲಿ ಕೂತವನ ಪಾಡು ಯಾರಿಗೂ ಬೇಡ. ಆ ಅಡುಗೆಮನೆಯಲ್ಲೇ ವಿಷಯ ತಿಳಿದದ್ದು.

ನಮ್ಮ ಫ್ರಿಜ್ಜಿನ ಪಕ್ಕದ ಕ್ಯಾಲೆಂಡರ್ ನಿನಗೆ ನೆನಪಿರಬೇಕು. ಅವಳು ರಾಹುಕಾಲ ನೋಡುತ್ತಿದ್ದದ್ದು ಅದರಲ್ಲಿ. ಅದು ಬೆಂಗಳೂರಿನಲ್ಲಿ ಅಚ್ಚಾದದ್ದು, ಬೆಂಗಳೂರಿನ ಸೂರ್ಯನಿಗೆ. ಹಗಲನ್ನು ಎಂಟು ಪಾಲು ಮಾಡಿದರೆ ಶುಕ್ರವಾರ ನಾಲ್ಕನೇ ಪಾಲು ರಾಹುಕಾಲ. ಅಲ್ಲಿ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ಸೂರ್ಯನಿಗೆ ಅದು ಹತ್ತೂವರೆಯಿಂದ ಹನ್ನೆರಡು. ಜರ್ಮನಿಯ ನವೆಂಬರಿನಲ್ಲಿ ಸೂರ್ಯ ಹುಟ್ಟುವುದೇ ಏಳೂವರೆ ದಾಟಿದ ಮೇಲೆ. ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಆ ಶುಕ್ರವಾರ ರಾಮ್‌ಸ್ಟೈನ್‌ನಲ್ಲಿ ರಾಹುಕಾಲ ಶುರುವಾದದ್ದು ಹನ್ನೊಂದು ಗಂಟೆ ಒಂದು ನಿಮಿಷಕ್ಕೆ. ಹತ್ತೂ ನಲವತ್ತಕ್ಕೆ ನಿನ್ನ ಹೆಸರು ಕೂಗಿದಾಗ, ರಾಹು ಇನ್ನೂ ಇಪ್ಪತ್ತೊಂದು ನಿಮಿಷ ದೂರದಲ್ಲಿದ್ದ.

ನಾಲ್ಕು ಸಲ ಲೆಕ್ಕ ಮಾಡಿದೆ. ನಾಲ್ಕು ಸಲವೂ ಅದೇ ಬಂತು. ಆಮೇಲೆ ಪೆನ್ಸಿಲ್ ಇಟ್ಟು ಅತ್ತುಬಿಟ್ಟೆ.

ಈಗ ನನ್ನ ಪಾಲು ಕೇಳು. ಆ ಕ್ಯಾಲೆಂಡರನ್ನು ಪ್ರತಿ ವರ್ಷ ಬೆಂಗಳೂರಿನಿಂದ ತರಿಸಿ ಮೊಳೆ ಹೊಡೆದು ತೂಗುಹಾಕುತ್ತಿದ್ದವನು ನಾನು. ಒಂದು ಸಲ ಅವಳು ಕೇಳಿದ್ದಳು, "ರೀ, ಇಲ್ಲಿ ಚಳಿಗಾಲ್ದಲ್ಲಿ ನಾಲ್ಕು ಗಂಟೆಗೇ ಕತ್ತಲಾಗತ್ತಲ್ಲ, ಇಲ್ಲೂ ಇದೇ ಟೈಮಾ?" ಸೂರ್ಯೋದಯದ ಪಟ್ಟಿ ಇಟ್ಟುಕೊಂಡು ಸಿಗ್ನಲ್ ದೀಪಗಳ ಕೆಲಸ ಮಾಡಿದವನು ನಾನು. ಪೇಪರಿನಿಂದ ತಲೆ ಎತ್ತದೆ, "ಏನೋ ಒಂದು ಬಿಡೆ," ಎಂದೆ. ಅಲ್ಲಿಗೆ ಮುಗಿಯಿತು. ನಿನ್ನದು ಒಂದು ದಿನದ ತಪ್ಪು. ನನ್ನದು ಅವಳು ಕೇಳಿದ ದಿನದಿಂದ ಗೋಡೆಯ ಮೇಲಿತ್ತು.

ಹಾಗಾಗಿ ನೀನೊಬ್ಬನೇ ಹೊತ್ತದ್ದು ಸಾಕು, ಅರ್ಧ ಇತ್ತ ಕೊಡು. ಇದರ ಜೊತೆ ಒಂದು ಪಟ್ಟಿ ಇಟ್ಟಿದ್ದೇನೆ. ನೀನು ಹೊರಡುವ ದಿನದಿಂದ ಜೂನ್ ಏಳರವರೆಗೆ ಮಿಲ್ಡನ್‌ಹಾಲ್ ಮತ್ತು ಡೋವರ್ ಎರಡು ಕಡೆಯ ರಾಹುಕಾಲ, ಅಲ್ಲಲ್ಲಿನ ಸೂರ್ಯನಿಗೆ, ನಿಮಿಷ ಸಮೇತ. ಹೇಮಲತಾ ಇದ್ದಿದ್ದರೆ ಅವಳು ಕಳಿಸುತ್ತಿದ್ದಳು. ಕೆಳಗೆ ನನ್ನದೊಂದು ಅಡಿಟಿಪ್ಪಣಿ ಇದೆ, ಅದನ್ನು ಮರೆಯಬೇಡ.

ಮಂಟಪಕ್ಕೆ ನೀನೇ ಬಾ. ಬರಲೇಬೇಕು.

ಬಾಲು

*

ಡೋವರ್
೨೨ ಮೇ ೨೦೨೫

ಬಾಲು,

ನಿನ್ನ ಪಟ್ಟಿಯನ್ನು ಮಡಚಿ ಪಾಸ್‌ಪೋರ್ಟಿನಲ್ಲಿಟ್ಟು ಹೊರಟೆ. ಅಡಿಟಿಪ್ಪಣಿಯನ್ನು ದಿನಕ್ಕೊಮ್ಮೆ ಓದುತ್ತೇನೆ: "ಇದು ತಿಳಿದಿರಲಿ ಎಂದು ಮಾತ್ರ. ಹೆಸರು ಕೂಗಿದರೆ ಪಟ್ಟಿ ಜೇಬಿಗೆ ಹಾಕಿ ಹಾಜರ್ ಅನ್ನು."

ಮಿಲ್ಡನ್‌ಹಾಲ್‌ನಲ್ಲಿ ಮೂರು ದಿನ ಕಾದೆ. ಮೂರನೆಯ ದಿನ ಸಿಕ್ಕಿತು. ವಿಮಾನದ ಹೊಟ್ಟೆಯಲ್ಲಿ ನಡುವೆ ಒಂದು ಲಾರಿ, ಗೋಡೆಯುದ್ದಕ್ಕೂ ಬಲೆಯ ಸೀಟುಗಳಲ್ಲಿ ನಾವು. ಕಿಟಕಿ ಇಲ್ಲ. ಚಳಿ ಎಂದರೆ ಲೀಡ್ಸಿನ ಜನವರಿ ಬಸ್‌ಸ್ಟಾಪು. ಸದ್ದಿಗೆ ಕಿವಿಯಲ್ಲಿ ಸ್ಪಂಜು ತುರುಕಿಕೊಂಡು, ರಟ್ಟಿನ ಡಬ್ಬಿಯ ಊಟ ಮಾಡಿ, ಮೂರು ಸ್ವೆಟರ್ ಹಾಕಿಕೊಂಡು ಬಂದೆ. ಎಪ್ಪತ್ತೆರಡರ ವಯಸ್ಸಿನಲ್ಲಿ ಇದು ಬೇಕಾ ಎಂದು ಅಕ್ಕ ಕೇಳಿದಳು. ಬೇಕು. ಆ ಎಂಜಿನ್ನಿನ ಸದ್ದಿನಲ್ಲಿ ನನಗೆ ಮನೆಯಲ್ಲಿ ಬರುವುದಕ್ಕಿಂತ ಒಳ್ಳೆಯ ನಿದ್ದೆ ಬರುತ್ತದೆ.

ಸೀರೆ ನೋಡಿದೆ. ಬಿಳಿ ಒಡಲು, ಕೆಂಪು ಅಂಚು, ಸೆರಗಿನ ಮೂಲೆಯಲ್ಲಿ ಅರಿಸಿನದ ಕಲೆ. ನಿನ್ನ ಕೈಯಿಂದಲೇ ಆದ ಕಲೆಯಂತೆ, ತಾಳಿ ಕಟ್ಟುವಾಗ. ಅಕ್ಕ ಅದನ್ನು ತೊಳೆಸಿಲ್ಲ.

ಜೂನ್ ಐದರ ಗುರುವಾರ ೩೪ ಸಿ ಸೀಟಿನಲ್ಲಿ ಮಹಾರಾಜನಂತೆ ಕೂತು ಬರುತ್ತೇನೆ. ನಿಶ್ಚಿಂತೆಯಿಂದ ಪಂಚೆ ಇಸ್ತ್ರಿ ಮಾಡಿಸಿಕೋ.

ಅಚ್ಚು

*

ಡೋವರ್ ನೆಲೆ, ಪ್ರಯಾಣಿಕರ ಟರ್ಮಿನಲ್
೬ ಜೂನ್ ೨೦೨೫, ಶುಕ್ರವಾರ

ಬಾಲು,

ಇದಕ್ಕೆ ಸ್ಟಾಂಪು ಇಲ್ಲದಿದ್ದರೆ ನಾನೇ ನಿನ್ನ ಕೈಗೆ ಕೊಟ್ಟಿದ್ದೇನೆಂದು ಅರ್ಥ. ಸ್ಟಾಂಪು ಇದ್ದರೆ ಮುಂದೆ ಓದಬೇಡ, ನನ್ನ ಮುಖವನ್ನೂ ನೋಡಬೇಡ.

ನಿನ್ನೆ ಫಿಲಡೆಲ್ಫಿಯಾದಲ್ಲಿ ಗುಡುಗು, ಮಳೆ. ಐದು ಗಂಟೆ ಕೂರಿಸಿ ವಿಮಾನ ರದ್ದು ಮಾಡಿದರು. ಬೇರೆ ಎಲ್ಲ ವಿಮಾನಗಳೂ ತುಂಬಿವೆ, ಭಾನುವಾರ ಸಂಜೆಗೆ ಸೀಟು ಕೊಡುತ್ತೇವೆ ಎಂದಳು ಕೌಂಟರಿನವಳು. ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಐದು ನಿಮಿಷಕ್ಕೆ ಮುಹೂರ್ತ ಎಂದು ಅವಳಿಗೆ ಹೇಗೆ ಹೇಳಲಿ? ನಂಬರು ಇದ್ದ ಸೀಟಿನ ಕಥೆ ಹೀಗಾಯಿತು.

ಒಂದು ಕಳ್ಳತನ ಒಪ್ಪಿಕೊಳ್ಳುತ್ತೇನೆ. ಡೋವರಿಗೆ ಬಂದ ದಿನವೇ ಇಲ್ಲಿಯ ಸ್ಟ್ಯಾಂಡ್‌ಬೈ ಪಟ್ಟಿಯಲ್ಲಿ ಹೆಸರು ಕೊಟ್ಟಿದ್ದೆ. ಟಿಕೆಟ್ ಇದ್ದರೂ ಅಳಿಸಿರಲಿಲ್ಲ. ನಿನಗೆ ಕೊಟ್ಟ ಮಾತು ಮುರಿಯಲೆಂದಲ್ಲ, ಅಭ್ಯಾಸ. ಪಟ್ಟಿಯಲ್ಲಿ ಎಷ್ಟು ಹಳಬನೋ ಅಷ್ಟು ಮುಂದೆ. ಟ್ಯಾಕ್ಸಿ ಹಿಡಿದು ವಾಪಸು ಬಂದೆ, ಬೆಳಿಗ್ಗೆ ಏಳಕ್ಕೆ ಇಲ್ಲಿ ಹಾಜರು. ಮಿಲ್ಡನ್‌ಹಾಲ್‌ಗೆ ಒಂದು ವಿಮಾನ ಇದೆ. ಒಂಬತ್ತು ಸೀಟು. ನಾನು ಹದಿನಾಲ್ಕನೆಯವನು.

ಒಂಬತ್ತಕ್ಕೆ ಹಾಜರಿ ಎಂದರು. ಹತ್ತಕ್ಕೆ ಹಾಕಿದರು. ಆಮೇಲೆ ಸಮಯವೇ ಗೊತ್ತಿಲ್ಲ ಎಂದರು. ಜನ ಬೇಸತ್ತು ಎದ್ದು ಹೋಗುತ್ತಿದ್ದಾರೆ. ನಾನು ಕದಲುವುದಿಲ್ಲ. ಸೀರೆಯ ಪೆಟ್ಟಿಗೆ ತೊಡೆಯ ಮೇಲಿದೆ. ನೀರನ್ನೂ ಕುಡಿದಿಲ್ಲ, ಕುಡಿದರೆ ಏಳಬೇಕಾಗುತ್ತದಲ್ಲ.

ಈಗ ಹನ್ನೊಂದು ಇಪ್ಪತ್ತೈದು. ನಿನ್ನ ಪಟ್ಟಿ ತೆಗೆದು ನೋಡಿದೆ. ಡೋವರ್, ಜೂನ್ ಆರು: ೧೧-೦೯ರಿಂದ ೧-೦೦. ಕ್ಯಾಲೆಂಡರಿನ ಲೆಕ್ಕದಲ್ಲೂ ರಾಹುಕಾಲ, ನಿನ್ನ ಲೆಕ್ಕದಲ್ಲೂ ರಾಹುಕಾಲ. ಮತ್ತೆ ಶುಕ್ರವಾರ. ಪಟ್ಟಿ ಮಡಚಿ ಜೇಬಿಗೆ ಹಾಕಿದೆ ಬಾಲು.

ಕೂಗುತ್ತಿದ್ದಾರೆ.

ವಿಮಾನದೊಳಗಿಂದ:

ಹತ್ತಿದೆ! ಹತ್ತಿದೆ ಕಣೋ!

ಹನ್ನೊಂದೂವರೆಗೆ, ರಾಹುಕಾಲದ ನಟ್ಟನಡುವೆ, ಒಬ್ಬೊಬ್ಬರ ಹೆಸರನ್ನೇ ಕೂಗಿದರು. ಐದು ಜನ ಓಗೊಡಲಿಲ್ಲ. ಒಂದೊಂದು ಹೆಸರನ್ನೂ ಮೂರು ಸಲ ಕೂಗಿ, ಗೀಟು ಹಾಕಿ ಮುಂದೆ ಹೋದರು. ಪ್ರತಿ ಸಲವೂ ನಾನು ಬಾಗಿಲ ಕಡೆ ತಿರುಗಿ ನೋಡಿದೆ. ಅವತ್ತು ರಾಮ್‌ಸ್ಟೈನ್‌ನಲ್ಲಿ ನನಗಾಗಿಯೂ ಯಾರಾದರೂ ಹೀಗೆ ತಿರುಗಿ ನೋಡಿರಬೇಕು. ಎಂಟು ಸೀಟು ಮುಗಿದವು. ಒಂಬತ್ತನೆಯದಕ್ಕೆ ನನ್ನ ಹೆಸರು ಬಂತು. ಅರ್ಧ ಕೂಗುವಷ್ಟರಲ್ಲಿ "ಹಿಯರ್!" ಎಂದು ಎಂಥಾ ಕೂಗು ಹಾಕಿದೆನೆಂದರೆ, ಕೌಂಟರಿನ ಹುಡುಗಿ ಬೆಚ್ಚಿ ಪೆನ್ನು ಬೀಳಿಸಿದಳು. "ಸರ್, ಐ ಕ್ಯಾನ್ ಸೀ ಯೂ," ಎಂದಳು. ನೋಡಲಿ. ಐದೂವರೆ ವರ್ಷದಿಂದ ಗಂಟಲಲ್ಲಿದ್ದ ಕೂಗು ಅದು.

ಈಗ ಚಳಿ ಶುರುವಾಗಿದೆ. ಪಕ್ಕದ ಸೈನಿಕ ಕಂಬಳಿ ಕೊಟ್ಟ. ಅದನ್ನು ಸೀರೆಯ ಪೆಟ್ಟಿಗೆಗೆ ಸುತ್ತಿದ್ದೇನೆ. ನನಗೆ ಬೇಡ, ಮೈಯೆಲ್ಲ ಬೆಚ್ಚಗಿದೆ.

ಅಚ್ಚು

*

ಲೀಡ್ಸ್
೧೫ ಜೂನ್ ೨೦೨೫

ಅಚ್ಚು,

ನಿನ್ನ ಸ್ಟಾಂಪಿಲ್ಲದ ಕಾಗದವನ್ನು ಇವತ್ತು ನಿಧಾನವಾಗಿ ಓದಿದೆ. ಮಿಲ್ಡನ್‌ಹಾಲ್ ಗೇಟಿನಲ್ಲಿ ನೀನು ಕೊಟ್ಟಾಗ ಓದುವ ಸ್ಥಿತಿಯಲ್ಲಿ ನಾನಿರಲಿಲ್ಲ. "ಹತ್ತಿದೆ" ಎಂಬ ನಿನ್ನ ಮೆಸೇಜು ನೋಡಿ ಲೀಡ್ಸಿನಿಂದ ಮೂರು ಗಂಟೆ ಕಾರು ಓಡಿಸಿಕೊಂಡು ಬಂದವನು ನಾನು. ಜೀವಮಾನದಲ್ಲಿ ಮೊದಲ ಸಲ ಮೋಟಾರ್‌ವೇಯಲ್ಲಿ ಬಲಗಡೆಯ ವೇಗದ ಲೇನಿಗೆ ಹೋದೆ. ಬೆಳಕು ಹರಿಯುವ ಹೊತ್ತಿಗೆ ಕಂಬಳಿ ಸುತ್ತಿದ ಪೆಟ್ಟಿಗೆ ಅಪ್ಪಿಕೊಂಡು, ತಲೆ ಕೆದರಿಕೊಂಡು ನೀನು ನಡೆದು ಬಂದೆ. ಏನೋ ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಬಾಯಿಗೆ ಬಂದದ್ದು "ತಿಂಡಿ ತಿಂದ್ಯಾ?" ಅಷ್ಟೇ.

ಮದುವೆಯ ದಿನ ನಿನಗೆ ಹೇಳಲಾಗದ ಒಂದು ಮಾತು ಉಳಿದಿದೆ, ಅದಕ್ಕೇ ಈ ಕಾಗದ.

ನಿಹಾರಿಕಾ ಸೀರೆ ಉಟ್ಟು ಹೊರಬಂದಳು. ಸೆರಗಿನ ಅರಿಸಿನದ ಕಲೆ ಮುಂದಕ್ಕೆ ಕಾಣುವ ಹಾಗೆ ಉಟ್ಟಿದ್ದಳು. ಬೇಕೆಂತಲೇ. ಮುಹೂರ್ತಕ್ಕೆ ಕಾಲು ಗಂಟೆ ಇತ್ತು. ನೀನು ಹಿಂದೆ ಎಲ್ಲೋ ಪಂಚೆ ಸರಿ ಮಾಡಿಕೊಳ್ಳುತ್ತಿದ್ದೆ. ಪುರೋಹಿತರು ಮಂಟಪದಿಂದ ಮೈಕಿನಲ್ಲಿ ಕೇಳಿದರು, "ಹುಡುಗಿಯ ಸೋದರಮಾವ ಬಂದಿದಾರಾ?"

ಅಚ್ಚು, ಅದೇ ಪ್ರಶ್ನೆ. ಆ ಶನಿವಾರ ಹೇಮಲತಾ ನಾಲ್ಕು ಸಲ ಕೇಳಿದ, ನಾನು ನಾಲ್ಕು ಸಲ ಸುಳ್ಳು ಹೇಳಿದ ಪ್ರಶ್ನೆ. ಅಭ್ಯಾಸಬಲದಿಂದ ನನ್ನ ಬಾಯಿ "ದಾರೀಲಿ..." ಎಂದು ತೆರೆಯಿತು ಕೂಡ.

ಅಷ್ಟರಲ್ಲಿ ನೀನು ಹಿಂದಿನಿಂದ, ಬಲಗೈ ತಲೆಯ ಮೇಲೆ ಎತ್ತಿ, ಸೈನ್ಯದವರ ಹಾಗೆ ಎದೆ ಸೆಟೆಸಿ, "ಬಂದಿದೀನಿ!" ಎಂದು ಕೂಗಿದೆ. ಮುನ್ನೂರು ಜನ ತಿರುಗಿ ನೋಡಿದರು. ಸುಮುಖ್‌ನ ಕಡೆಯವರು ನಕ್ಕರು, ಮಕ್ಕಳು ಚಪ್ಪಾಳೆ ಹೊಡೆದರು. ನಿಹಾರಿಕಾ ನಗುತ್ತ ಕೈ ಚಾಚಿದಳು, ನೀನು ಹಿಡಿದುಕೊಂಡು ನಡೆದೆ. ನಾನು ಕಂಬ ಹಿಡಿದು ನಿಂತು ಅತ್ತೆ. ಎಲ್ಲರೂ ಹೆಣ್ಣು ಹೆತ್ತವನ ಅಳು ಎಂದುಕೊಂಡರು. ಅದಲ್ಲ. ಅವಳ ಪ್ರಶ್ನೆಗೆ ಉತ್ತರ ಬಂತಲ್ಲ ಎಂಬ ಸಂತೋಷ.

ಮನೆಗೆ ಬಂದು ಅಡುಗೆಮನೆಯ ಕ್ಯಾಲೆಂಡರ್ ತೆಗೆದೆ. ಮೊಳೆ ಹಾಗೇ ಇದೆ. ಅದಕ್ಕೆ ಮಂಟಪದ ಫೋಟೋ ಹಾಕಿದ್ದೇನೆ, ನಿನ್ನ ಬಾಯಿ ಪೂರ್ತಿ ತೆರೆದಿರುವ ಫೋಟೋ.

ಅಕ್ಕನನ್ನು ನೋಡಲು ಸೆಪ್ಟೆಂಬರಿನಲ್ಲಿ ಡೋವರಿಗೆ ಹೋಗೋಣ. ಭಾವಮೈದುನನನ್ನು ನಿನ್ನ ವಿಮಾನಕ್ಕೆ ಹತ್ತಿಸುವುದಿಲ್ಲವಂತೆ, ಕಾನೂನು ಓದಿದೆ. ನಾನು ಟಿಕೆಟ್ ಕೊಂಡು ಬರುತ್ತೇನೆ, ನೀನು ಕಾದು ಬಾ. ಯಾರು ಮೊದಲು ಅಕ್ಕನ ಬಾಗಿಲು ತಟ್ಟುತ್ತಾರೋ ನೋಡೋಣ. ಪಟ್ಟಿ ಈ ಸಲ ಮಾಡಿಲ್ಲ. ಹೆಸರು ಕೂಗಿದಾಗ ಕೂಗು, ಅಷ್ಟು ಸಾಕು.

ನಿನ್ನ
ಬಾಲು